ಹಳೆಯ ಸಂಸ್ಕಾರಕ ವಿನ್ಯಾಸಗಳ ಬೆಂಬಲ ನಿವೃತ್ತಿ

ಬೆಂಬಲ ನಿವೃತ್ತಿ ಎಂಬುದು, ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೊಂದು ಹಿಂದಿನ ಪೀಳಿಗೆಯ ಸಂಸ್ಕಾರಕ ವಿನ್ಯಾಸಕ್ಕಾಗಿ ರಚಿತವಾದ ತಂತ್ರಾಂಶಗಳನ್ನು ನಡೆಸುವ, ಇಲ್ಲವೆ ಆ ವಿನ್ಯಾಸದ ಯಂತ್ರಗಳ ಮೇಲೆ ತಾನೇ ನಡೆಯುವ, ಸಾಮರ್ಥ್ಯವನ್ನು ಪೂರ್ವಸೂಚನೆಯೊಡನೆ ಹಂತಹಂತವಾಗಿ ತ್ಯಜಿಸುವ ಪ್ರಕ್ರಿಯೆ. ವೈಯಕ್ತಿಕ ಗಣಕಗಳು, ಮೊಬೈಲ್ ಫೋನುಗಳು, ಬೃಹದ್ಗಣಕಗಳು ಈ ಮೂರು ವರ್ಗಗಳಲ್ಲಿಯೂ ಈ ಪ್ರಕ್ರಿಯೆ ಕಾಣಬರುವುದಾದರೂ ಅದರ ವೇಗವೂ ವಿಧಾನವೂ ವ್ಯವಸ್ಥೆಯಿಂದ ವ್ಯವಸ್ಥೆಗೆ ಭಿನ್ನವಾಗಿವೆ. ಯಂತ್ರವನ್ನೂ ವ್ಯವಸ್ಥೆಯನ್ನೂ ಒಂದೇ ಸಂಸ್ಥೆ ನಿರ್ಮಿಸುತ್ತದೆಯೆ, ಹಳೆಯ ತಂತ್ರಾಂಶವನ್ನು ಅವಲಂಬಿಸಿದ ಗ್ರಾಹಕರು ಯಾರು, ಬೆಂಬಲವನ್ನು ಮುಂದುವರಿಸುವ ಶ್ರಮ ಯಾರ ಪಾಲಿನದು ಎಂಬ ಮೂರು ಅಂಶಗಳು ಈ ಭಿನ್ನತೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಪರಿಭಾಷೆ

ಸಂಸ್ಕಾರಕವೆಂದರೆ ಗಣಕದಲ್ಲಿ ಲೆಕ್ಕಾಚಾರವನ್ನೂ ನಿಯಂತ್ರಣವನ್ನೂ ನಡೆಸುವ ಪ್ರೊಸೆಸರ್. ಅದು ಅರ್ಥಮಾಡಿಕೊಳ್ಳಬಲ್ಲ ಮೂಲಭೂತ ಆದೇಶಗಳ ಸಮುದಾಯಕ್ಕೆ ಆದೇಶಗಣವೆಂದು ಹೆಸರು. ಆದೇಶಗಣ, ಸಂಸ್ಕಾರಕದೊಳಗಿನ ತಾತ್ಕಾಲಿಕ ಸಂಗ್ರಹಗಳಾದ ರಿಜಿಸ್ಟರುಗಳ ಸಂಖ್ಯೆ ಹಾಗೂ ಅಗಲ, ಸ್ಮೃತಿಯ ವಿಳಾಸಕ್ರಮ ಇವೆಲ್ಲವೂ ಸೇರಿ ಸಂಸ್ಕಾರಕದ ವಿನ್ಯಾಸವೆನಿಸುತ್ತದೆ. ತಂತ್ರಾಂಶ ರಚಕನು ಬರೆಯುವ ರೂಪಕ್ಕೆ ಮೂಲಸಂಕೇತವೆಂದೂ, ಅದನ್ನು ಕಂಪೈಲರಿನ ಮೂಲಕ ಪರಿವರ್ತಿಸಿದಾಗ ದೊರೆಯುವ, ನಿರ್ದಿಷ್ಟ ವಿನ್ಯಾಸವೊಂದಕ್ಕೆ ಮಾತ್ರ ಸಲ್ಲುವ ರೂಪಕ್ಕೆ ಯಂತ್ರಸಂಕೇತವೆಂದೂ ಹೇಳುತ್ತಾರೆ. 16 ಬಿಟ್, 32 ಬಿಟ್, 64 ಬಿಟ್ ಎಂಬ ವಿಶೇಷಣಗಳು ಸಾಮಾನ್ಯವಾಗಿ ಸಂಸ್ಕಾರಕವು ಒಮ್ಮೆಗೆ ನಿರ್ವಹಿಸುವ ಸಂಖ್ಯೆಯ ಅಗಲವನ್ನೂ ವಿಳಾಸದ ಅಗಲವನ್ನೂ ಸೂಚಿಸುತ್ತವೆ. ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾಗಿ, ಸ್ಮೃತಿಯನ್ನೂ ಸಂಸ್ಕಾರಕದ ಸಮಯವನ್ನೂ ಹಂಚಿಕೊಡುವ ಭಾಗವೇ ಕರ್ನೆಲ್. ಹೊಸ ವ್ಯವಸ್ಥೆಯು ಹಳೆಯ ಯಂತ್ರಸಂಕೇತವನ್ನು ಬದಲಾವಣೆಯಿಲ್ಲದೆ ನಡೆಸಬಲ್ಲದಾದರೆ ಆ ಗುಣವನ್ನು ಈ ಲೇಖನದಲ್ಲಿ ಹಿಂದಿನದರೊಡನೆ ಹೊಂದಾಣಿಕೆ ಎಂದು ಕರೆಯಲಾಗಿದೆ.

ಉಗಮ ಮತ್ತು ಇತಿಹಾಸ

ಗಣಕಯುಗದ ಆರಂಭದ ವರ್ಷಗಳಲ್ಲಿ ಪ್ರತಿಯೊಂದು ಹೊಸ ಯಂತ್ರಕ್ಕೂ ತನ್ನದೇ ಆದ ಆದೇಶಗಣವಿದ್ದುದರಿಂದ, ಯಂತ್ರವನ್ನು ಬದಲಿಸುವುದೆಂದರೆ ತಂತ್ರಾಂಶವನ್ನೆಲ್ಲ ಮತ್ತೆ ಬರೆಯುವುದೆಂದೇ ಅರ್ಥವಾಗಿತ್ತು. 1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆ ಪ್ರಕಟಿಸಿದ ಸಿಸ್ಟಂ/360 ಶ್ರೇಣಿಯು, ಗಾತ್ರದಲ್ಲಿಯೂ ಬೆಲೆಯಲ್ಲಿಯೂ ಪರಸ್ಪರ ಭಿನ್ನವಾದ ಅನೇಕ ಯಂತ್ರಗಳಿಗೆ ಒಂದೇ ವಿನ್ಯಾಸವನ್ನು ವಿಧಿಸಿ, ಒಂದಕ್ಕೆ ಬರೆದ ತಂತ್ರಾಂಶ ಇನ್ನೊಂದರಲ್ಲಿಯೂ ನಡೆಯಬೇಕೆಂಬ ತತ್ತ್ವವನ್ನು ಸ್ಥಾಪಿಸಿತು. ಈ ಶ್ರೇಣಿಯ ಕೆಲವು ಮಾದರಿಗಳು ಅದೇ ಸಂಸ್ಥೆಯ ಹಿಂದಿನ 1401 ಮತ್ತು 7090 ಮೊದಲಾದ ಯಂತ್ರಗಳ ಆದೇಶಗಳನ್ನು ಅನುಕರಿಸಿ ನಡೆಸುವ ಸೌಲಭ್ಯವನ್ನೂ ಹೊಂದಿದ್ದುವು. ಹಳೆಯ ವಿನ್ಯಾಸಕ್ಕೆ ಬೆಂಬಲವನ್ನು ನೀಡುವ, ಕಾಲಾನುಕ್ರಮದಲ್ಲಿ ಅದನ್ನು ಹಿಂತೆಗೆಯುವ ಪದ್ಧತಿಗೆ ಇದು ಒಂದು ಆರಂಭಕಾಲದ ನಿದರ್ಶನ. 1977ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಹೊರತಂದ ವ್ಯಾಕ್ಸ್-11/780 ಗಣಕದಲ್ಲಿ ಹಿಂದಿನ ಪಿಡಿಪಿ-11 ಯಂತ್ರದ ಆದೇಶಗಳನ್ನು ನಡೆಸುವ ವ್ಯವಸ್ಥೆ ಯಂತ್ರಾಂಶದಲ್ಲಿಯೇ ಅಳವಟ್ಟಿತ್ತು. ಅನಂತರದ ಮೈಕ್ರೊವ್ಯಾಕ್ಸ್ ಮಾದರಿಗಳಲ್ಲಿ ಅದನ್ನು ಕೈಬಿಡಲಾಯಿತು.

ವೈಯಕ್ತಿಕ ಗಣಕಗಳ ಇತಿಹಾಸದಲ್ಲಿ ಇಂಟೆಲ್ ಸಂಸ್ಥೆಯ ಎಕ್ಸ್86 ವಿನ್ಯಾಸಕ್ಕೆ ಪ್ರಮುಖ ಸ್ಥಾನವಿದೆ. 1978ರ 8086 ಸಂಸ್ಕಾರಕವು 16 ಬಿಟ್ಟಿನದಾಗಿದ್ದು 10,48,576 ಬೈಟುಗಳಷ್ಟು ಸ್ಮೃತಿಯನ್ನು ಸಂಬೋಧಿಸಬಲ್ಲುದಾಗಿತ್ತು. 1985ರ 80386 ಸಂಸ್ಕಾರಕವು 32 ಬಿಟ್ಟಿಗೆ ವಿಸ್ತಾರಗೊಂಡು ಆ ಮಿತಿಯನ್ನು 4,29,49,67,296 ಬೈಟುಗಳಿಗೆ, ಅಂದರೆ 4 ಗಿಗಾಬೈಟುಗಳಿಗೆ, ಏರಿಸಿತು. 64 ಬಿಟ್ಟಿನ ವಿಸ್ತರಣೆಯನ್ನು ರೂಪಿಸಿದುದು ಎಎಂಡಿ ಸಂಸ್ಥೆ. 2003ರ ಏಪ್ರಿಲಿನಲ್ಲಿ ಬಂದ ಅದರ ಆಪ್ಟೆರಾನ್ ಸಂಸ್ಕಾರಕವು ಹಳೆಯ 32 ಬಿಟ್ ತಂತ್ರಾಂಶಗಳನ್ನು ಪೂರ್ಣವೇಗದಲ್ಲಿ ನಡೆಸುತ್ತಲೇ ಹೊಸ ವಿನ್ಯಾಸಕ್ಕೂ ಎಡೆಗೊಟ್ಟಿತು. ಇಂಟೆಲ್ ಸಂಸ್ಥೆಯು ಎಕ್ಸ್86ರಿಂದ ತೀರ ಭಿನ್ನವಾದ ಇಟೇನಿಯಂ ಎಂಬ 64 ಬಿಟ್ ವಿನ್ಯಾಸವನ್ನು ಮುಂದಿಟ್ಟಿದ್ದರೂ ಮಾರುಕಟ್ಟೆ ಹಿಂದಿನದರೊಡನೆ ಹೊಂದಿಕೊಳ್ಳುವ ಮಾರ್ಗವನ್ನೇ ಆಯ್ದುಕೊಂಡಿತು; ಇಟೇನಿಯಂ ಸಂಸ್ಕಾರಕಗಳ ಸರಬರಾಜು 2021ರಲ್ಲಿ ನಿಂತಿತು.

ಬೆಂಬಲದ ರಚನೆ

ಒಂದು ವಿನ್ಯಾಸಕ್ಕೆ ಬೆಂಬಲವಿದೆಯೆಂದರೆ ಅದು ನಾಲ್ಕು ಸ್ತರಗಳಲ್ಲಿ ಏಕಕಾಲದಲ್ಲಿ ಇರತಕ್ಕದ್ದು. ಮೊದಲನೆಯದು ಸಂಸ್ಕಾರಕದ ಸ್ತರ: ಹಳೆಯ ಆದೇಶಗಳನ್ನು ಯಂತ್ರವೇ ಗ್ರಹಿಸಬೇಕು, ಇಲ್ಲವೆ ಬೇರೊಂದು ಮಧ್ಯವರ್ತಿ ಅವನ್ನು ಭಾಷಾಂತರಿಸಬೇಕು. ಎರಡನೆಯದು ಕರ್ನೆಲಿನ ಸ್ತರ: ಹಳೆಯ ತಂತ್ರಾಂಶವು ಮಾಡುವ ವಿನಂತಿಗಳು ಕಿರಿಯ ಅಗಲದ ಸಂಖ್ಯೆಗಳಲ್ಲಿ ಬರುವುದರಿಂದ ಕರ್ನೆಲ್ ಅವನ್ನು ತನ್ನ ಅಗಲಕ್ಕೆ ಹೊಂದಿಸಿಕೊಂಡು, ಉತ್ತರವನ್ನು ಮತ್ತೆ ಕಿರಿದುಗೊಳಿಸಿ ಹಿಂದಿರುಗಿಸಬೇಕು. ಮೂರನೆಯದು ಲೈಬ್ರರಿಗಳ ಸ್ತರ: ಕಿಟಕಿ ತೆರೆಯುವುದು, ಅಕ್ಷರ ಮೂಡಿಸುವುದು, ಶಬ್ದ ಹೊರಡಿಸುವುದು ಮೊದಲಾದ ಸಾಮಾನ್ಯ ಕಾರ್ಯಗಳಿಗೆ ಮೀಸಲಾದ ತಂತ್ರಾಂಶಭಾಗಗಳೆಲ್ಲ ಎರಡೂ ವಿನ್ಯಾಸಗಳಲ್ಲಿ ಪ್ರತ್ಯೇಕ ಪ್ರತಿಗಳಾಗಿ ಇರಬೇಕು, ಏಕೆಂದರೆ ಒಂದೇ ಪ್ರಕ್ರಿಯೆಯೊಳಗೆ, ಅಂದರೆ ನಡೆಯುತ್ತಿರುವ ಒಂದೇ ತಂತ್ರಾಂಶದೊಳಗೆ, 32 ಬಿಟ್ ಮತ್ತು 64 ಬಿಟ್ ಯಂತ್ರಸಂಕೇತಗಳನ್ನು ಬೆರೆಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ನಾಲ್ಕನೆಯದು ಪರೀಕ್ಷೆಯ ಸ್ತರ: ಪ್ರತಿಯೊಂದು ಬದಲಾವಣೆಯನ್ನೂ ಎಲ್ಲ ವಿನ್ಯಾಸಗಳ ಮೇಲೆ ಪರೀಕ್ಷಿಸಿ ದೋಷಗಳನ್ನು ತಿದ್ದುವ ಏರ್ಪಾಡು ಇರಬೇಕು. ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಉಳಿದ ಮೂರು ನಿರರ್ಥಕವಾಗುತ್ತವೆ.

ಈ ರಚನೆಯ ಸ್ಪಷ್ಟ ನಿದರ್ಶನ 64 ಬಿಟ್ ವಿಂಡೋಸ್ ವ್ಯವಸ್ಥೆಯಲ್ಲಿ ಇರುವ ವಾವ್64 ಎಂಬ ಉಪವ್ಯವಸ್ಥೆ. ವ್ಯವಸ್ಥೆಯ ಲೈಬ್ರರಿಗಳಿರುವ ಕೋಶದ ಹೆಸರು ‘ಸಿಸ್ಟಂ32’. ಅಸಂಖ್ಯ ತಂತ್ರಾಂಶಗಳು ಈ ಹೆಸರನ್ನು ತಮ್ಮೊಳಗೆ ನೇರವಾಗಿ ಬರೆದುಕೊಂಡಿದ್ದುದರಿಂದ, 64 ಬಿಟ್ಟಿಗೆ ಬಂದ ಮೇಲೂ ಅದನ್ನು ಬದಲಿಸಲಾಗಲಿಲ್ಲ. ಆದಕಾರಣ ಇಂದಿನ ವಿಂಡೋಸಿನಲ್ಲಿ ‘ಸಿಸ್ಟಂ32’ ಕೋಶದೊಳಗೆ ಇರುವುವು 64 ಬಿಟ್ ಲೈಬ್ರರಿಗಳು. 32 ಬಿಟ್ ಲೈಬ್ರರಿಗಳಾದರೋ ‘ಸಿಸ್‌ವಾವ್64’ ಎಂಬ ಬೇರೊಂದು ಕೋಶದಲ್ಲಿವೆ. 32 ಬಿಟ್ ತಂತ್ರಾಂಶವೊಂದು ‘ಸಿಸ್ಟಂ32’ ಕೋಶವನ್ನು ಕೇಳಿದೊಡನೆ ವ್ಯವಸ್ಥೆಯು ಅದಕ್ಕೆ ತಿಳಿಯದಂತೆ ಆ ಕೋರಿಕೆಯನ್ನು ಎರಡನೆಯ ಕೋಶಕ್ಕೆ ತಿರುಗಿಸುತ್ತದೆ.

ಕಾರಣಗಳು

ಬೆಂಬಲವನ್ನು ಹಿಂತೆಗೆಯುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮೊದಲನೆಯದು ವಿಳಾಸದ ಮಿತಿ. 32 ಬಿಟ್ಟಿನ ವಿಳಾಸದಿಂದ ಒಂದು ಪ್ರಕ್ರಿಯೆ ಕಾಣಬಲ್ಲ ಸ್ಮೃತಿಯು 4 ಗಿಗಾಬೈಟುಗಳನ್ನು ಮೀರಲಾರದು. ಯಂತ್ರದಲ್ಲಿ ಅದಕ್ಕಿಂತ ಹೆಚ್ಚು ಸ್ಮೃತಿಯಿದ್ದಾಗ ಕರ್ನೆಲ್ ಅದನ್ನು ತುಂಡುತುಂಡಾಗಿ ತನ್ನ ದೃಷ್ಟಿಗೆ ತಂದುಕೊಳ್ಳುವ ಜಟಿಲ ಉಪಾಯವನ್ನು ಅನುಸರಿಸಬೇಕಾಗುತ್ತದೆ.

ಎರಡನೆಯದು ವಿನ್ಯಾಸದಲ್ಲಿಯೇ ಇರುವ ಕೊರತೆ. 80386 ಸಂಸ್ಕಾರಕದಲ್ಲಿ, ಓದಲು ಮಾತ್ರ ಅನುಮತಿಯುಳ್ಳ ಸ್ಮೃತಿಪುಟದ ಮೇಲೆ ಕರ್ನೆಲ್ ಬರೆಯಹೊರಟರೆ ಅದನ್ನು ತಡೆಯುವ ಏರ್ಪಾಡಿರಲಿಲ್ಲ. 80486ರಲ್ಲಿ ಆ ತಡೆಯು ಬಂದಿತು. ಈ ಒಂದು ಭೇದದ ದೆಸೆಯಿಂದಲೂ, ಅನೇಕ ಸಂಸ್ಕಾರಕಗಳು ಕೂಡಿ ದುಡಿಯುವಲ್ಲಿ ಅತ್ಯಗತ್ಯವಾದ ‘ಹೋಲಿಸಿ ವಿನಿಮಯಿಸು’ ಎಂಬ ಆದೇಶ 80386ರಲ್ಲಿ ಇಲ್ಲದ ದೆಸೆಯಿಂದಲೂ, ಲಿನಕ್ಸ್ ಕರ್ನೆಲ್ ಆ ಸಂಸ್ಕಾರಕಕ್ಕಾಗಿಯೇ ಪ್ರತ್ಯೇಕ ಮಾರ್ಗಗಳನ್ನು ಬಹುಕಾಲ ಕಾಪಾಡಿಕೊಂಡು ಬರಬೇಕಾಯಿತು. 64 ಬಿಟ್ಟಿನ ಎಕ್ಸ್86 ವಿನ್ಯಾಸದಲ್ಲಿ ಸಾಮಾನ್ಯೋಪಯೋಗದ ರಿಜಿಸ್ಟರುಗಳು 8ರ ಬದಲು 16 ಇರುವುದರಿಂದ ಕಂಪೈಲರುಗಳು ಅದಕ್ಕೆ ಹೆಚ್ಚು ಸಮರ್ಥವಾದ ಯಂತ್ರಸಂಕೇತವನ್ನು ರಚಿಸಬಲ್ಲುವು.

ಮೂರನೆಯದು ಸುರಕ್ಷತೆ. ತಂತ್ರಾಂಶಭಾಗಗಳನ್ನು ಸ್ಮೃತಿಯಲ್ಲಿ ಊಹಿಸಲಾಗದ ಸ್ಥಾನಗಳಲ್ಲಿ ಇರಿಸುವ ರಕ್ಷಣೋಪಾಯವು ವಿಶಾಲವಾದ ವಿಳಾಸಕ್ಷೇತ್ರದಲ್ಲಿ ಫಲಕಾರಿಯಾಗುವಂತೆ 32 ಬಿಟ್ಟಿನ ಇಕ್ಕಟ್ಟಿನಲ್ಲಿ ಆಗಲಾರದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಸಂಸ್ಕಾರಕದೋಷ ಪ್ರಕಟವಾದಾಗ ಲಿನಕ್ಸಿನಲ್ಲಿ 64 ಬಿಟ್ ಎಕ್ಸ್86ಕ್ಕೆ ಪರಿಹಾರ ಕೂಡಲೆ ದೊರೆಯಿತು. 32 ಬಿಟ್ಟಿಗೆ ಅದು ಅದೇ ವರ್ಷದ ಕೊನೆಯ ಭಾಗದಲ್ಲಿ, 4.19ನೆಯ ಆವೃತ್ತಿಯಲ್ಲಿ, ಒದಗಿತು.

ನಾಲ್ಕನೆಯದು ಕಾಲಗಣನೆಯ ಮಿತಿ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಸಂದ ಸೆಕೆಂಡುಗಳ ಸಂಖ್ಯೆಯಾಗಿ ಎಣಿಸುತ್ತವೆ. ಚಿಹ್ನೆಸಹಿತವಾದ 32 ಬಿಟ್ ಸಂಖ್ಯೆಯು ಹಿಡಿಯಬಲ್ಲ ಗರಿಷ್ಠ ಮೌಲ್ಯ 2,14,74,83,647. ಈ ಎಣಿಕೆಯು 2038ರ ಜನವರಿ 19ರಂದು, ಭಾರತೀಯ ಕಾಲಮಾನದ ಪ್ರಕಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಮುಗಿಯುತ್ತದೆ. ಮರುಕ್ಷಣದಲ್ಲಿ ಅದು ಋಣಸಂಖ್ಯೆಯಾಗಿ 1901ನೆಯ ಇಸವಿಯನ್ನು ಸೂಚಿಸತೊಡಗುತ್ತದೆ. 32 ಬಿಟ್ ಯಂತ್ರಗಳಲ್ಲಿಯೂ ಕಾಲವನ್ನು 64 ಬಿಟ್ಟಿನಲ್ಲಿ ಎಣಿಸುವುದು ಸಾಧ್ಯ. 2020ರ ಲಿನಕ್ಸ್ 5.6ನೆಯ ಆವೃತ್ತಿಯಲ್ಲಿ ಅದಕ್ಕೆ ಬೇಕಾದ ಏರ್ಪಾಡು ಪೂರ್ಣಗೊಂಡಿತು. ಆದರೆ ಮೊದಲೇ ಸಿದ್ಧವಾದ ಯಂತ್ರಸಂಕೇತಕ್ಕೆ ಅದರ ಪ್ರಯೋಜನವಾಗದು.

ಕೊನೆಯ ಕಾರಣ, ಬಹುಶಃ ಎಲ್ಲಕ್ಕಿಂತ ವ್ಯಾಪಕವಾದುದು, ನಿರ್ವಹಣೆಯ ವ್ಯಯ. ಬಳಕೆದಾರರ ಸಂಖ್ಯೆ ಕುಗ್ಗಿದಂತೆ ಪರೀಕ್ಷೆಗೆ ದೊರೆಯುವ ಯಂತ್ರಗಳೂ ದೋಷವನ್ನು ವರದಿಮಾಡುವವರೂ ವಿರಳವಾಗುತ್ತಾರೆ. ಶ್ರಮ ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ.

ಪ್ರಕಾರಗಳು

ತ್ಯಜಿಸಲ್ಪಡುವ ವಸ್ತುವನ್ನು ಅನುಸರಿಸಿ ಬೆಂಬಲ ನಿವೃತ್ತಿಯನ್ನು ನಾಲ್ಕು ಪ್ರಕಾರಗಳಾಗಿ ವಿಂಗಡಿಸಬಹುದು.

ಯಂತ್ರನಿವೃತ್ತಿ: ವ್ಯವಸ್ಥೆಯು ಹಳೆಯ ವಿನ್ಯಾಸದ ಯಂತ್ರದ ಮೇಲೆ ಸ್ಥಾಪಿತವಾಗುವುದೇ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿ ಇಲ್ಲದಿರುವುದು ಇದಕ್ಕೆ ಉದಾಹರಣೆ.

ತಂತ್ರಾಂಶನಿವೃತ್ತಿ: ಯಂತ್ರಕ್ಕೆ ಸಾಮರ್ಥ್ಯವಿದ್ದರೂ ವ್ಯವಸ್ಥೆಯು ಹಳೆಯ ತಂತ್ರಾಂಶವನ್ನು ನಡೆಸಲು ನಿರಾಕರಿಸುತ್ತದೆ. ಆಪಲ್ ಸಂಸ್ಥೆಯ ಮ್ಯಾಕ್ಓಎಸ್ ಕ್ಯಾಟಲಿನಾ ಈ ಬಗೆಯದು. ಅದು ನಡೆಯುವ ಇಂಟೆಲ್ ಸಂಸ್ಕಾರಕಗಳು 32 ಬಿಟ್ ಆದೇಶಗಳನ್ನು ಬಲ್ಲವಾಗಿದ್ದರೂ ಅವುಗಳಿಗೆ ಬೇಕಾದ ಲೈಬ್ರರಿಗಳನ್ನು ತೆಗೆದುಹಾಕಲಾಗಿತ್ತು.

ಉಪವಿನ್ಯಾಸನಿವೃತ್ತಿ: ವಿನ್ಯಾಸದ ಹೆಸರು ಬದಲಾಗದೆ ಅದರ ಕನಿಷ್ಠ ಮಟ್ಟ ಮಾತ್ರ ಏರುತ್ತದೆ. 2012ರ ವಿಂಡೋಸ್ 8 ಎಸ್ಎಸ್ಇ2 ಎಂಬ ಹೆಚ್ಚುವರಿ ಎಕ್ಸ್86 ಆದೇಶಗಳನ್ನು ಕಡ್ಡಾಯಗೊಳಿಸಿತು. 2024ರ ವಿಂಡೋಸ್ 11ರ ಆವೃತ್ತಿಯು ಎಸ್ಎಸ್ಇ4.2 ಆದೇಶಗಳನ್ನು ಅಪೇಕ್ಷಿಸುತ್ತದೆ.

ಭಾಷಾಂತರನಿವೃತ್ತಿ: ಅನ್ಯ ವಿನ್ಯಾಸದ ಯಂತ್ರಸಂಕೇತವನ್ನು ಭಾಷಾಂತರಿಸಿ ನಡೆಸುತ್ತಿದ್ದ ಮಧ್ಯವರ್ತಿಯನ್ನೇ ತೆಗೆದುಹಾಕಲಾಗುತ್ತದೆ. ಮುಂದೆ ವಿವರಿಸಲಿರುವ ರೊಸೆಟ್ಟಾ ಇದಕ್ಕೆ ನಿದರ್ಶನ.

ನಿವೃತ್ತಿಯ ಹಂತಗಳು

ಈ ಪ್ರಕ್ರಿಯೆ ಸಾಮಾನ್ಯವಾಗಿ ಐದು ಹಂತಗಳಲ್ಲಿ ಸಾಗುತ್ತದೆ. ಹಳೆಯ ಮತ್ತು ಹೊಸ ವಿನ್ಯಾಸಗಳೆರಡಕ್ಕೂ ಸಮಾನ ಬೆಂಬಲವಿರುವ ಸಹಬಾಳ್ವೆಯ ಕಾಲ ಮೊದಲನೆಯದು; ಇದರಲ್ಲಿ ಎರಡು ವಿನ್ಯಾಸಗಳ ಯಂತ್ರಸಂಕೇತವನ್ನೂ ಒಂದೇ ಕಡತದಲ್ಲಿ ಅಡಕಗೊಳಿಸುವ ಸಂಯುಕ್ತ ರೂಪಗಳು ಬಳಕೆಗೆ ಬರುತ್ತವೆ. ಹಳೆಯದಕ್ಕೆ ಹೊಸ ಸೌಲಭ್ಯಗಳನ್ನು ನೀಡದಿರುವುದು ಎರಡನೆಯ ಹಂತ. ತಂತ್ರಾಂಶ ರಚಕರಿಗೆ ನಿವೃತ್ತಿಯ ದಿನಾಂಕವನ್ನು ಘೋಷಿಸುವುದು ಮೂರನೆಯದು. ಬಳಕೆದಾರನು ಹಳೆಯ ತಂತ್ರಾಂಶವನ್ನು ತೆರೆದಾಗ ಎಚ್ಚರಿಕೆಯನ್ನು ತೋರಿಸುವುದು ನಾಲ್ಕನೆಯದು. ಕೊನೆಯದಾಗಿ ಬೆಂಬಲವನ್ನು ಪೂರ್ಣವಾಗಿ ತೆಗೆದುಹಾಕಿ, ಹಿಂದಿನ ಆವೃತ್ತಿಗೆ ಕೆಲವು ಕಾಲ ಸುರಕ್ಷತಾ ತಿದ್ದುಪಡಿಗಳನ್ನು ಮಾತ್ರ ಒದಗಿಸಲಾಗುತ್ತದೆ.

ಪ್ರಮುಖ ವ್ಯವಸ್ಥೆಗಳು

ಬೃಹದ್ಗಣಕಗಳು. ಸಿಸ್ಟಂ/360ರ ವಿಳಾಸ 24 ಬಿಟ್ಟಿನದಾಗಿದ್ದು 1,67,77,216 ಬೈಟುಗಳನ್ನು ಮಾತ್ರ ಸಂಬೋಧಿಸುತ್ತಿತ್ತು. 32 ಬಿಟ್ಟಿನ ಪದದಲ್ಲಿ ಉಳಿದ 8 ಬಿಟ್ಟುಗಳನ್ನು ತಂತ್ರಾಂಶ ರಚಕರು ತಮ್ಮ ಗುರುತುಗಳಿಗಾಗಿ ಬಳಸಿಕೊಂಡಿದ್ದುದರಿಂದ, 1980ರ ದಶಕದ ಆದಿಯಲ್ಲಿ ವಿಳಾಸವನ್ನು ವಿಸ್ತರಿಸಬೇಕಾಗಿ ಬಂದಾಗ ಐಬಿಎಂ ಸಂಸ್ಥೆ 32ರ ಬದಲು 31 ಬಿಟ್ಟುಗಳನ್ನು ಆಯ್ದುಕೊಂಡು, ತಂತ್ರಾಂಶವು ಯಾವ ಕ್ರಮವನ್ನು ಅನುಸರಿಸುತ್ತದೆಂಬುದನ್ನು ಸೂಚಿಸಲು ಒಂದು ಬಿಟ್ಟನ್ನು ಮೀಸಲಿಟ್ಟಿತು. 2000ನೆಯ ಇಸವಿಯಲ್ಲಿ 64 ಬಿಟ್ಟಿನ ಝಡ್ ವಿನ್ಯಾಸ ಬಂದ ಮೇಲೂ 24 ಮತ್ತು 31 ಬಿಟ್ಟಿನ ತಂತ್ರಾಂಶಗಳಿಗೆ ಬೆಂಬಲ ಉಳಿದುಬಂದಿದೆ. ಲಿನಕ್ಸ್ ಮಾತ್ರ ಈ ಯಂತ್ರಗಳ ಮೇಲಿನ ತನ್ನ 31 ಬಿಟ್ ಕರ್ನೆಲನ್ನು 2015ರಲ್ಲಿ ಕೈಬಿಟ್ಟಿತು.

ಮ್ಯಾಕಿಂಟಾಷ್. ಯಂತ್ರವನ್ನೂ ವ್ಯವಸ್ಥೆಯನ್ನೂ ತಾನೇ ನಿರ್ಮಿಸುವ ಆಪಲ್ ಸಂಸ್ಥೆಯು ಸಂಸ್ಕಾರಕ ವಿನ್ಯಾಸವನ್ನು ಮೂರು ಬಾರಿ ಬದಲಿಸಿದೆ. 1984ರ ಮೊದಲ ಮ್ಯಾಕಿಂಟಾಷಿನಲ್ಲಿ ಮೊಟೊರೋಲ 68000 ಸಂಸ್ಕಾರಕವಿತ್ತು. ಐಬಿಎಂ ಯಂತ್ರಗಳಲ್ಲಿ ಆದಂತೆಯೇ ಇಲ್ಲಿಯೂ 24 ಬಿಟ್ ವಿಳಾಸದ ಮೇಲಿನ 8 ಬಿಟ್ಟುಗಳನ್ನು ಅನ್ಯ ಕಾರ್ಯಗಳಿಗೆ ಬಳಸಿದ್ದುದರಿಂದ, 1991ರ ಸಿಸ್ಟಂ 7ರಲ್ಲಿ 32 ಬಿಟ್ ವಿಳಾಸಕ್ರಮವು ಬಂದರೂ ಹಳೆಯ ಕ್ರಮವನ್ನು ಪೂರ್ತಿಯಾಗಿ ಬಿಡಲು 1997ರ ಮ್ಯಾಕ್ ಓಎಸ್ 7.6ರವರೆಗೆ ಕಾಯಬೇಕಾಯಿತು. 1994ರ ಮಾರ್ಚಿನಲ್ಲಿ ಪವರ್‌ಪಿಸಿ ಸಂಸ್ಕಾರಕದ ಯಂತ್ರಗಳು ಹೊರಬಂದಾಗ 68000 ಶ್ರೇಣಿಯ ಆದೇಶಗಳನ್ನು ಅನುಕರಿಸುವ ಭಾಗವು ವ್ಯವಸ್ಥೆಯಲ್ಲಿಯೇ ಅಡಕವಾಗಿತ್ತು; 1998ರ ಮ್ಯಾಕ್ ಓಎಸ್ 8.5 ಹಳೆಯ ಯಂತ್ರಗಳನ್ನು ಕೈಬಿಟ್ಟಿತು.

2005ರ ಜೂನಿನಲ್ಲಿ ಇಂಟೆಲ್ ಸಂಸ್ಕಾರಕಗಳಿಗೆ ಬದಲಾಗುವ ನಿರ್ಧಾರ ಪ್ರಕಟವಾಯಿತು. ಪವರ್‌ಪಿಸಿ ತಂತ್ರಾಂಶಗಳನ್ನು ಭಾಷಾಂತರಿಸುವ ರೊಸೆಟ್ಟಾ, ಟ್ರಾನ್ಸಿಟಿವ್ ಸಂಸ್ಥೆಯ ತಂತ್ರಜ್ಞಾನವನ್ನು ಆಧರಿಸಿದುದು, 2006ರಿಂದ 2011ರವರೆಗೆ ಬಳಕೆಯಲ್ಲಿತ್ತು. 2009ರ ಸ್ನೋ ಲೆಪರ್ಡ್ ಆವೃತ್ತಿಯು ಪವರ್‌ಪಿಸಿ ಯಂತ್ರಗಳನ್ನು ಬಿಟ್ಟಿತು. 2011ರ ಲಯನ್ ಆವೃತ್ತಿ ರೊಸೆಟ್ಟಾವನ್ನೂ ತೆಗೆದುಹಾಕಿತು. ಅನಂತರ ಬಂದುದು 32 ಬಿಟ್ ತಂತ್ರಾಂಶಗಳ ಸರದಿ. ಹಳೆಯ ಕಾರ್ಬನ್ ಲೈಬ್ರರಿಯ ದೃಶ್ಯಭಾಗವನ್ನು 64 ಬಿಟ್ಟಿಗೆ ತರುವುದಿಲ್ಲವೆಂಬ ನಿರ್ಣಯ 2007ರಲ್ಲಿಯೇ ಆಗಿತ್ತು. 2018ರ ಮೊಹಾವಿ 32 ಬಿಟ್ ತಂತ್ರಾಂಶಗಳನ್ನು ನಡೆಸಿದ ಕೊನೆಯ ಆವೃತ್ತಿ. 2019ರ ಅಕ್ಟೋಬರ್ 7ರಂದು ಬಂದ ಕ್ಯಾಟಲಿನಾದಲ್ಲಿ ಆ ಬೆಂಬಲ ಇಲ್ಲವಾಯಿತು. 2020ರ ನವೆಂಬರಿನಲ್ಲಿ ಆರ್ಮ್ ವಿನ್ಯಾಸದ ಎಂ1 ಸಂಸ್ಕಾರಕದೊಡನೆ ಮೂರನೆಯ ಬದಲಾವಣೆ ಆರಂಭವಾಯಿತು. ಇಂಟೆಲ್ ತಂತ್ರಾಂಶಗಳನ್ನು ನಡೆಸಲು ರೊಸೆಟ್ಟಾ 2 ಒದಗಿತು.

ವಿಂಡೋಸ್. ಮೈಕ್ರೊಸಾಫ್ಟ್ ಸಂಸ್ಥೆಯ ಗ್ರಾಹಕರಲ್ಲಿ ಬಹುಮಂದಿ ದಶಕಗಳಷ್ಟು ಹಳೆಯ ತಂತ್ರಾಂಶಗಳನ್ನು ಅವಲಂಬಿಸಿದ ಕಚೇರಿಗಳೂ ಕಾರ್ಖಾನೆಗಳೂ ಆಗಿರುವುದರಿಂದ ಇಲ್ಲಿ ನಿವೃತ್ತಿಯ ಗತಿ ಮಂದವಾದುದು. 1996ರ ವಿಂಡೋಸ್ ಎನ್‌ಟಿ 4.0 ಎಕ್ಸ್86, ಮಿಪ್ಸ್, ಆಲ್ಫಾ, ಪವರ್‌ಪಿಸಿ ಎಂಬ ನಾಲ್ಕು ವಿನ್ಯಾಸಗಳ ಮೇಲೆ ನಡೆಯುತ್ತಿತ್ತು. 2000ನೆಯ ಇಸವಿಯ ಫೆಬ್ರುವರಿಯಲ್ಲಿ ವಿಂಡೋಸ್ 2000 ಬರುವಷ್ಟರಲ್ಲಿ ಎಕ್ಸ್86 ಒಂದೇ ಉಳಿದಿತ್ತು. 2005ರಲ್ಲಿ ಎಕ್ಸ್86ದ 64 ಬಿಟ್ ವಿನ್ಯಾಸಕ್ಕೆ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರಲ್ಲಿ 32 ಬಿಟ್ ತಂತ್ರಾಂಶಗಳಿಗೆ ಎಡೆಯಿತ್ತು, 16 ಬಿಟ್ ತಂತ್ರಾಂಶಗಳಿಗೆ ಇರಲಿಲ್ಲ. ಸಂಸ್ಕಾರಕವು 64 ಬಿಟ್ ಸ್ಥಿತಿಯಲ್ಲಿರುವಾಗ 8086ನ್ನು ಅನುಕರಿಸುವ ವಿಶೇಷ ಸ್ಥಿತಿಗೆ ಹೋಗಲಾರದೆಂಬುದು ಇದಕ್ಕೆ ಒಂದು ಕಾರಣ. 1990ರ ದಶಕದ ಎಷ್ಟೋ 32 ಬಿಟ್ ತಂತ್ರಾಂಶಗಳನ್ನು ಯಂತ್ರಕ್ಕೆ ಸ್ಥಾಪಿಸಿಕೊಡುವ ಸಣ್ಣ ಕಾರ್ಯಕ್ರಮ ಮಾತ್ರ 16 ಬಿಟ್ಟಿನದಾಗಿತ್ತು. ಆ ಒಂದು ಭಾಗ ನಡೆಯದಿದ್ದರೆ ತಂತ್ರಾಂಶವನ್ನೇ ಸ್ಥಾಪಿಸಲಾಗುತ್ತಿರಲಿಲ್ಲ. ಆದುದರಿಂದ 64 ಬಿಟ್ ವಿಂಡೋಸ್ ಅಂತಹ ಪರಿಚಿತ ಸ್ಥಾಪನಾ ಕಾರ್ಯಕ್ರಮಗಳನ್ನು ಗುರುತಿಸಿ, ಅವುಗಳ ಬದಲು ತನ್ನಲ್ಲಿರುವ 32 ಬಿಟ್ ಪ್ರತಿಯನ್ನು ನಡೆಸುತ್ತದೆ. 2020ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಿಂದ ಗಣಕ ತಯಾರಕರಿಗೆ 32 ಬಿಟ್ ಪ್ರತಿಯನ್ನು ಕೊಡುವುದು ನಿಂತಿತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಪೂರ್ಣವಾಗಿ 64 ಬಿಟ್ಟಿನದು. ಅದರಲ್ಲಿಯೂ ಎಕ್ಸ್86ದ 32 ಬಿಟ್ ತಂತ್ರಾಂಶಗಳು ವಾವ್64ರ ಮೂಲಕ ಇಂದಿಗೂ ನಡೆಯುತ್ತವೆ.

ಲಿನಕ್ಸ್. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ 80386 ಯಂತ್ರದ ಮೇಲೆ ಆರಂಭಿಸಿದ ಈ ಕರ್ನೆಲ್, ಅದೇ 80386ರ ಬೆಂಬಲವನ್ನು 2013ರ ಫೆಬ್ರುವರಿಯಲ್ಲಿ ಪ್ರಕಟವಾದ 3.8ನೆಯ ಆವೃತ್ತಿಯಲ್ಲಿ ತೊರೆಯಿತು. ಇಲ್ಲಿ ನಿರ್ಣಾಯಕವಾದುದು ನಿರ್ವಾಹಕರ ಲಭ್ಯತೆ: ವಿನ್ಯಾಸವೊಂದನ್ನು ನೋಡಿಕೊಳ್ಳುವವರು ಇರುವವರೆಗೆ ಅದು ಉಳಿಯುತ್ತದೆ, ಇಲ್ಲವಾದಾಗ ಹೋಗುತ್ತದೆ. 2018ರ 4.17ನೆಯ ಆವೃತ್ತಿಯಲ್ಲಿ ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಮೊದಲಾದ ಎಂಟು ವಿನ್ಯಾಸಗಳನ್ನು ಒಟ್ಟಿಗೆ ತೆಗೆದುಹಾಕಲಾಯಿತು. 2024ರ ಜನವರಿಯ 6.7ನೆಯ ಆವೃತ್ತಿಯಲ್ಲಿ ಇಟೇನಿಯಂ ಹೋಯಿತು. ಅವೆಲ್ಲಕ್ಕಿಂತ ಹಳೆಯದಾದ ಮೊಟೊರೋಲ 68000 ಶ್ರೇಣಿಗಾದರೋ ಆಸಕ್ತ ನಿರ್ವಾಹಕರಿರುವುದರಿಂದ ಬೆಂಬಲ ಉಳಿದಿದೆ.

ಲಿನಕ್ಸ್ ಕರ್ನೆಲನ್ನು ಇತರ ತಂತ್ರಾಂಶಗಳೊಡನೆ ಸೇರಿಸಿ ಒದಗಿಸುವ ವಿತರಣೆಗಳು ಕರ್ನೆಲಿಗಿಂತ ಮೊದಲೇ 32 ಬಿಟ್ ಎಕ್ಸ್86ನ್ನು ಬಿಡತೊಡಗಿದುವು. ಆರ್ಚ್ 2017ರಲ್ಲಿಯೂ ಫೆಡೋರಾ 2019ರಲ್ಲಿಯೂ ಅದನ್ನು ಕೈಬಿಟ್ಟುವು. 2019ರ ಜೂನಿನಲ್ಲಿ ಉಬುಂಟು ವಿತರಣೆಯು ತನ್ನ 32 ಬಿಟ್ ಲೈಬ್ರರಿಗಳನ್ನೆಲ್ಲ ನಿಲ್ಲಿಸುವುದಾಗಿ ಘೋಷಿಸಿದಾಗ, ಅವನ್ನೇ ನಂಬಿದ ಸ್ಟೀಮ್ ಎಂಬ ಆಟಗಳ ಮಳಿಗೆಯ ಮತ್ತು ವೈನ್ ಎಂಬ ಹೊಂದಾಣಿಕೆ ತಂತ್ರಾಂಶದ ಪಕ್ಷದಿಂದ ಆಕ್ಷೇಪಗಳು ಬಂದುವು. ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಸಡಿಲಿಸಿ ಆಯ್ದ ಲೈಬ್ರರಿಗಳನ್ನು ಉಳಿಸಿಕೊಳ್ಳಲಾಯಿತು. ಡೆಬಿಯನ್ ವಿತರಣೆಯ 2025ರ ಆಗಸ್ಟಿನ 13ನೆಯ ಆವೃತ್ತಿಯಲ್ಲಿ 32 ಬಿಟ್ ಎಕ್ಸ್86ಕ್ಕೆ ಕರ್ನೆಲೂ ಇಲ್ಲ, ಸ್ಥಾಪನಾ ತಂತ್ರಾಂಶವೂ ಇಲ್ಲ. 64 ಬಿಟ್ ಯಂತ್ರಗಳಲ್ಲಿ ಹಳೆಯ ತಂತ್ರಾಂಶಗಳನ್ನು ನಡೆಸಲು ಬೇಕಾದ ಲೈಬ್ರರಿಗಳು ಮಾತ್ರ ಉಳಿದಿವೆ.

ಮೊಬೈಲ್ ಫೋನುಗಳು. 2013ರ ಐಫೋನ್ 5ಎಸ್ 64 ಬಿಟ್ ಸಂಸ್ಕಾರಕವುಳ್ಳ ಮೊದಲ ಐಫೋನ್. 2015ರ ಫೆಬ್ರುವರಿಯಿಂದ ಆಪಲ್ ಮಳಿಗೆಗೆ ಬರುವ ಹೊಸ ಆ್ಯಪ್‌ಗಳಿಗೆ 64 ಬಿಟ್ ಕಡ್ಡಾಯವಾಯಿತು. 2017ರ ಸೆಪ್ಟೆಂಬರಿನ ಐಓಎಸ್ 11ರಲ್ಲಿ 32 ಬಿಟ್ ಆ್ಯಪ್‌ಗಳು ನಿಂತುಹೋದುವು. ಆ್ಯಂಡ್ರಾಯ್ಡ್ ವ್ಯವಸ್ಥೆಗೆ 64 ಬಿಟ್ ಬೆಂಬಲ ಬಂದುದು 2014ರ 5.0 ಆವೃತ್ತಿಯಲ್ಲಿ. 2019ರ ಆಗಸ್ಟಿನಿಂದ ಗೂಗಲ್ ಪ್ಲೇ ಮಳಿಗೆಯು ಯಂತ್ರಸಂಕೇತವುಳ್ಳ ಆ್ಯಪ್‌ಗಳಲ್ಲಿ 64 ಬಿಟ್ ರೂಪವೂ ಇರಬೇಕೆಂದು ವಿಧಿಸಿತು. 2022ರ ಪಿಕ್ಸೆಲ್ 7 ಫೋನು 64 ಬಿಟ್ ಆ್ಯಪ್‌ಗಳನ್ನು ಮಾತ್ರ ನಡೆಸುವಂತೆ ಬಂದಿತು. ಆ್ಯಂಡ್ರಾಯ್ಡ್ ಫೋನುಗಳನ್ನು ನಾನಾ ತಯಾರಕರು ನಿರ್ಮಿಸುವುದರಿಂದ ಈ ಬದಲಾವಣೆಯನ್ನು ಬಹುಮಟ್ಟಿಗೆ ಮಳಿಗೆಯ ನಿಯಮಗಳ ಮೂಲಕವೇ ತರಲಾಯಿತು.

ಪರ್ಯಾಯೋಪಾಯಗಳು

ಬೆಂಬಲ ಕಳೆದುಕೊಂಡ ತಂತ್ರಾಂಶವನ್ನು ಮುಂದೆಯೂ ಬಳಸಲು ಹಲವು ಉಪಾಯಗಳುಂಟು. ಮೂಲಸಂಕೇತ ಲಭ್ಯವಿದ್ದಲ್ಲಿ ಹೊಸ ವಿನ್ಯಾಸಕ್ಕೆ ಮತ್ತೆ ಕಂಪೈಲ್ ಮಾಡುವುದು ಉತ್ತಮ ಮಾರ್ಗ. ಆದರೆ ವಿಳಾಸವೂ ಪೂರ್ಣಾಂಕವೂ ಒಂದೇ ಅಗಲದವೆಂದು ಭಾವಿಸಿ ಬರೆದ ಭಾಗಗಳನ್ನು ಮೊದಲು ತಿದ್ದಬೇಕಾಗುತ್ತದೆ. ಅನುಕರಣವೆಂಬ ಎರಡನೆಯ ಉಪಾಯದಲ್ಲಿ ಹಳೆಯ ಯಂತ್ರವನ್ನೇ ತಂತ್ರಾಂಶದಲ್ಲಿ ಕಲ್ಪಿಸಲಾಗುತ್ತದೆ. ಡಾಸ್ ಎಂಬ ಹಳೆಯ ವ್ಯವಸ್ಥೆಯ ಕಾಲದ ಆಟಗಳಿಗೆ ಡಾಸ್‌ಬಾಕ್ಸ್, ಅನೇಕ ವಿನ್ಯಾಸಗಳಿಗೆ ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಕ್ಯೂಇಎಂಯು ಪ್ರಸಿದ್ಧವಾಗಿವೆ. ಯಂತ್ರಸಂಕೇತವನ್ನು ಭಾಷಾಂತರಿಸಿ ಫಲಿತಾಂಶವನ್ನು ಕಾದಿರಿಸಿಕೊಳ್ಳುವುದು ಮೂರನೆಯದು. ಡಿಜಿಟಲ್ ಸಂಸ್ಥೆಯು 1996ರಲ್ಲಿ ಆಲ್ಫಾ ಯಂತ್ರಗಳಿಗಾಗಿ ಹೊರತಂದ ಎಫ್ಎಕ್ಸ್!32 ಈ ಮಾರ್ಗದ ಹಿಂದಿನ ಮಾದರಿ. ವೈನ್ ತಂತ್ರಾಂಶವು ವಿಂಡೋಸ್ ಲೈಬ್ರರಿಗಳ ವರ್ತನೆಯನ್ನು ಬೇರೆ ವ್ಯವಸ್ಥೆಗಳಲ್ಲಿ ಪುನರ್ನಿರ್ಮಿಸುತ್ತದೆ. 64 ಬಿಟ್ ವಿಂಡೋಸ್ ಕೈಬಿಟ್ಟ 16 ಬಿಟ್ ವಿಂಡೋಸ್ ತಂತ್ರಾಂಶಗಳಲ್ಲಿ ಕೆಲವನ್ನು ಅದು 64 ಬಿಟ್ ಲಿನಕ್ಸಿನ ಮೇಲೆ ನಡೆಸಬಲ್ಲುದು. ಹಳೆಯ ಯಂತ್ರವನ್ನು ಹಳೆಯ ವ್ಯವಸ್ಥೆಯೊಡನೆ, ಅಂತರ್ಜಾಲದ ಸಂಪರ್ಕವಿಲ್ಲದೆ, ಪ್ರತ್ಯೇಕವಾಗಿ ಉಳಿಸಿಕೊಳ್ಳುವ ರೂಢಿ ಕಾರ್ಖಾನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿಯೂ ಇದೆ.

ಪರಿಣಾಮಗಳು

ನಿವೃತ್ತಿಯಿಂದ ವ್ಯವಸ್ಥೆಗಳ ಗಾತ್ರ ಕುಗ್ಗುತ್ತದೆ, ಸ್ಮೃತಿಯ ಮೇಲಿನ ಹೊರೆ ಇಳಿಯುತ್ತದೆ, ಪರೀಕ್ಷೆ ಸುಲಭವಾಗುತ್ತದೆ. ಹೊಸ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ. ಮ್ಯಾಕಿನ ತಂತ್ರಾಂಶಗಳನ್ನು ಬರೆಯುವ ಆಬ್ಜೆಕ್ಟಿವ್-ಸಿ ಭಾಷೆಯ 32 ಬಿಟ್ ವ್ಯವಸ್ಥೆಯಲ್ಲಿ ಲೈಬ್ರರಿಯ ವರ್ಗವೊಂದಕ್ಕೆ ಹೊಸ ಅಂಶವನ್ನು ಸೇರಿಸಿದರೆ ಅದನ್ನು ಆಧರಿಸಿದ ಹಳೆಯ ತಂತ್ರಾಂಶಗಳು ಕೆಡುವ ಸಂಭವವಿತ್ತು. 64 ಬಿಟ್ ವ್ಯವಸ್ಥೆಯಲ್ಲಿ ಈ ತೊಡಕು ನಿವಾರಣೆಯಾದುದರಿಂದ, 32 ಬಿಟ್ಟನ್ನು ತೊರೆದ ಮೇಲೆ ಲೈಬ್ರರಿಗಳ ವಿಕಾಸಕ್ಕೆ ಅಡ್ಡಿ ಇಲ್ಲವಾಯಿತು. ಸಂಸ್ಕಾರಕ ವಿನ್ಯಾಸಕಾರರಿಗೂ ಹಳೆಯ ಆದೇಶಗಳ ಮಂಡಲಗಳನ್ನು ಬಿಡುವ ಅವಕಾಶ ದೊರೆಯುತ್ತದೆ. ಆರ್ಮ್ ವಿನ್ಯಾಸದ ಇತ್ತೀಚಿನ ಅನೇಕ ಸಂಸ್ಕಾರಕಗಳು 32 ಬಿಟ್ ಆದೇಶಗಳನ್ನು ಗ್ರಹಿಸುವುದೇ ಇಲ್ಲ.

ಪ್ರತಿಕೂಲ ಪರಿಣಾಮಗಳೂ ಉಂಟು. ರಚಕರು ಉದ್ಯಮವನ್ನು ತೊರೆದಿರುವ, ಮೂಲಸಂಕೇತ ಕಳೆದುಹೋಗಿರುವ ತಂತ್ರಾಂಶಗಳು, ವಿಶೇಷವಾಗಿ ಆಟಗಳು, ಐಓಎಸ್ 11 ಮತ್ತು ಕ್ಯಾಟಲಿನಾ ಆವೃತ್ತಿಗಳೊಡನೆ ಬಳಕೆಯಿಂದ ಮರೆಯಾದುವು. ಒಮ್ಮೆ ಹಣ ತೆತ್ತು ಕೊಂಡ ತಂತ್ರಾಂಶದ ಬದಲು ಹೊಸದನ್ನು ಮತ್ತೆ ಕೊಳ್ಳಬೇಕಾಗುವ ವ್ಯಯ, ಹಳೆಯ ಕಡತರೂಪಗಳನ್ನು ತೆರೆಯಲಾಗದ ತೊಡಕು, ಸುಸ್ಥಿತಿಯಲ್ಲಿರುವ ಯಂತ್ರಗಳು ಸುರಕ್ಷತಾ ತಿದ್ದುಪಡಿಗಳಿಲ್ಲದೆ ಇ-ತ್ಯಾಜ್ಯವಾಗುವ ಸಂಭವ ಇವೆಲ್ಲ ಬಳಕೆದಾರರ ಪಾಲಿಗೆ ಬರುತ್ತವೆ. ವೈದ್ಯಕೀಯ ಮತ್ತು ಔದ್ಯೋಗಿಕ ಉಪಕರಣಗಳ ಆಯುಸ್ಸು ಕಾರ್ಯಾಚರಣ ವ್ಯವಸ್ಥೆಯ ಆಯುಸ್ಸಿಗಿಂತ ದೀರ್ಘವಾದುದರಿಂದ ಅಲ್ಲಿ ಈ ತೊಡಕು ತೀವ್ರತರವಾಗಿದೆ.

ಸದ್ಯದ ಸ್ಥಿತಿ

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ; 32 ಬಿಟ್ ಆವೃತ್ತಿಯುಳ್ಳ ವಿಂಡೋಸ್‌ಗಳಲ್ಲಿ ಅದೇ ಕೊನೆಯದು. ಸಂಸ್ಥೆಗಳಿಗೆ ಮೀಸಲಾದ ಅದರ ಕೆಲವು ದೀರ್ಘಾವಧಿ ಆವೃತ್ತಿಗಳಿಗೆ ತಿದ್ದುಪಡಿಗಳು ಮುಂದುವರಿಯುತ್ತವೆ. 2025ರ ಸೆಪ್ಟೆಂಬರಿನ ಮ್ಯಾಕ್ಓಎಸ್ ಟಾಹೊ ಇಂಟೆಲ್ ಯಂತ್ರಗಳಿಗೆ ದೊರೆಯುವ ಕೊನೆಯ ಆವೃತ್ತಿಯೆಂದು ಆಪಲ್ ಪ್ರಕಟಿಸಿದೆ. ರೊಸೆಟ್ಟಾ 2 ಅದರ ಮುಂದಿನ ಆವೃತ್ತಿಯವರೆಗೆ ಪೂರ್ಣರೂಪದಲ್ಲಿದ್ದು, ಬಳಿಕ ನಿರ್ವಹಣೆ ನಿಂತುಹೋದ ಕೆಲವು ಹಳೆಯ ಆಟಗಳಿಗೆ ಮಾತ್ರ ಸೀಮಿತವಾಗಲಿದೆ. ಎಕ್ಸ್86 ವಿನ್ಯಾಸದಿಂದಲೇ 16 ಬಿಟ್ ಮತ್ತು ಇತರ ಹಳೆಯ ಸ್ಥಿತಿಗಳನ್ನು ತೆಗೆದುಹಾಕುವ ಎಕ್ಸ್86ಎಸ್ ಎಂಬ ಪ್ರಸ್ತಾವವನ್ನು ಇಂಟೆಲ್ 2023ರ ಮೇ ತಿಂಗಳಲ್ಲಿ ಮುಂದಿಟ್ಟು 2024ರ ಡಿಸೆಂಬರಿನಲ್ಲಿ ಹಿಂದೆಗೆದುಕೊಂಡಿತು. ಲಿನಕ್ಸ್ ಕರ್ನೆಲಿನಿಂದ 80486ರ ಬೆಂಬಲವನ್ನು ತೆಗೆಯುವ ಪ್ರಸ್ತಾವವು 2025ರಲ್ಲಿ ಮಂಡಿತವಾಯಿತು.

ಒಟ್ಟಿನಲ್ಲಿ, ಮೂಲಸಂಕೇತ ಲಭ್ಯವಿರುವ ತಂತ್ರಾಂಶವು ವಿನ್ಯಾಸಗಳನ್ನು ದಾಟಿ ಉಳಿಯಬಲ್ಲುದು; ಯಂತ್ರಸಂಕೇತ ಮಾತ್ರ ಉಳಿದಿರುವ ತಂತ್ರಾಂಶದ ಆಯುಸ್ಸು ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯ, ಇಲ್ಲವೆ ಅನುಕರಣ ತಂತ್ರಾಂಶದ, ಆಯುಸ್ಸಿಗೆ ಕಟ್ಟುಬಿದ್ದುದು.